ಅಂಕಣದಲ್ಲಿ ಉಳಿದ ಒಂದು ಅಡಿಕೆ

ಮೊಮ್ಮಗಳು ಪಾಸಾದಳು! ಅದನ್ನು ಮೊದಲು ಬರೆದುಬಿಡುತ್ತೇನೆ. ಉಳಿದದ್ದೆಲ್ಲ ಆಮೇಲೆ.

ಇವತ್ತು ಬೆಳಿಗ್ಗೆ ನಾನು ಶಾಲೆಯ ಅಡುಗೆಕೋಣೆಯಲ್ಲಿ ಸಾಂಬಾರಿಗೆ ಸೌತೆಕಾಯಿ ಕೊಚ್ಚುತ್ತಿದ್ದೆ. ಪುತ್ತೂರಿನಿಂದ ಅವಳ ಫೋನು ಬಂತು. "ಅಜ್ಜೀ, ರಿಸಲ್ಟ್ ಬಂತು. ನಾನು ಅಂಪೈರ್ ಆದೆ" ಎಂದಳು. ಕಬಡ್ಡಿಯ ಅಂಪೈರ್. ಇನ್ನು ಈ ರಾಜ್ಯದಲ್ಲಿ ಎಲ್ಲಿ ಕಬಡ್ಡಿ ನಡೆದರೂ ನಮ್ಮ ಹುಡುಗಿ ಬಿಳಿ ಅಂಗಿ ಹಾಕಿ, ಕೊರಳಿಗೆ ಸೀಟಿ ನೇತುಹಾಕಿ ಅಂಕಣದ ಬದಿಯಲ್ಲಿ ನಿಲ್ಲಬಹುದು. ಅವಳು ಕೈ ಎತ್ತಿದರೆ ಎಂಥ ದಾಂಡಿಗನೂ ಮರುಮಾತಿಲ್ಲದೆ ಹೊರಗೆ ನಡೆಯಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಮಾತಿಗೆ ಮನೆಯ ಕೋಳಿ ಕೂಡ ಹೊರಗೆ ಹೋಗುವುದಿಲ್ಲ.

ಖುಷಿಯಲ್ಲಿ ಸಾಂಬಾರಿಗೆ ಉಪ್ಪು ಎರಡು ಸಲ ಬಿತ್ತು. ಪಾಪ, ಮಕ್ಕಳು ಮಧ್ಯಾಹ್ನವಿಡೀ ನೀರು ಕುಡಿದದ್ದೇ ಕುಡಿದದ್ದು. ಒಂದು ಮಗುವೂ ದೂರು ಹೇಳಲಿಲ್ಲ, ಅಷ್ಟು ಒಳ್ಳೆಯ ಮಕ್ಕಳು.

ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ? ಆಗುವುದಿಲ್ಲ. ಆದರೆ ನಮ್ಮ ಊರಿನವರಿಗೆ ಒಂದು ಸಂತೋಷವನ್ನು ಹೇಳುವುದೆಂದರೆ ಅದೂ ಒಂದು ಮಂಡೆಬಿಸಿ. ಮೊದಲು ನನ್ನ ಜೊತೆ ಅಡುಗೆ ಮಾಡುವವಳಿಗೆ ಹೇಳಿದೆ.

"ಅಂಪೈರಾ? ಹಾಗಾದ್ರೆ ಅವ್ಳು ಇನ್ನು ಆಡುದಿಲ್ವಾ?"

"ಇಲ್ಲ. ಆಡಿಸುದು."

"ಪಾಪ" ಎಂದಳು. ಪಾಪವಂತೆ!

ಆಮೇಲೆ ಗೇಟಿನ ಹತ್ತಿರ ಹಾಲಿನ ಸೊಸೈಟಿಯವರು ಸಿಕ್ಕಿದರು. ಅವರಿಗೂ ಹೇಳಿದೆ. ಅವರು ಸ್ಕೂಟರಿನಿಂದ ಇಳಿಯಲೂ ಇಲ್ಲ. "ಎಂತ ಅಕ್ಕ, ಪೀಪಿ ಊದ್ಲಿಕ್ಕೆ ಸಹ ಪರೀಕ್ಷೆ ಉಂಟಾ? ನಮ್ಮ ಬಸ್ಸಿನ ಕಂಡಕ್ಟರ್ ಯಾವ ಪರೀಕ್ಷೆ ಬರ್ದಿದ್ದಾನೆ?"

"ಅವನ ಪೀಪಿಗೆ ಬಸ್ಸು ಮಾತ್ರ ನಿಲ್ಲುದು. ಇವಳ ಪೀಪಿಗೆ ಊರೇ ನಿಲ್ತದೆ."

"ಅದು ಹೌದು ಮಾರಾಯ್ತಿ, ನೋಡಿದ್ದೇವಲ್ಲ! ಸ್ವಂತ ಅಜ್ಜನನ್ನೇ ನಿಲ್ಸಿದವಳು" ಎಂದು ನಗುತ್ತಾ ಹೋದರು.

ಆ ಅಜ್ಜ ಎಂದರೆ ನನ್ನ ಗಂಡ. ಇವರಿಗೆ ಸುದ್ದಿ ಹೇಳೋಣವೆಂದು ಏಳು ಸಲ ಫೋನು ಮಾಡಿದೆ. ಎತ್ತಿದರೆ ಕೇಳಿ. ಇವರು ಮೊಬೈಲು ತೋಟದ ಪಂಪ್‌ಶೆಡ್ಡಿನ ಮೊಳೆಗೆ ನೇತುಹಾಕಿ, ತಾವು ಇನ್ನೊಂದು ತುದಿಯಲ್ಲಿ ಕೆಲಸ ಮಾಡುವ ಜನ. "ಅದು ಅಲ್ಲಿ ಭದ್ರ ಇರ್ತದೆ" ಎನ್ನುತ್ತಾರೆ. ಭದ್ರ ಇರುತ್ತದೆ, ಹೌದು. ಅದಕ್ಕೆ ಮಾತನಾಡುವ ಕಷ್ಟವೇ ಇಲ್ಲವಲ್ಲ.

ಮೂರು ವಾರದಿಂದ ಇವರು ಮೊಮ್ಮಗಳ ಹತ್ತಿರವೂ ಮಾತು ಬಿಟ್ಟಿದ್ದರು. ಅದರ ಕಥೆಯನ್ನೇ ಈಗ ಹೇಳಬೇಕಾದದ್ದು.

ನಮ್ಮದು ಕಡಬದ ಕಡೆಯ ಒಂದು ಸಣ್ಣ ಸರಕಾರಿ ಶಾಲೆ. ಗುಡ್ಡದ ನೆತ್ತಿಯ ಮೇಲೆ ಇದೆ. ಬಿಸಿಯೂಟ ಶುರುವಾದಂದಿನಿಂದ ನಾನು ಅಲ್ಲಿ ಅಡುಗೆ ಮಾಡುತ್ತಿದ್ದೇನೆ. ಇವರು ಅದೇ ಶಾಲೆಯಲ್ಲಿ ಏಳನೆಯವರೆಗೆ ಓದಿದವರು. ನಮ್ಮ ಊರಿನವರು ರಸ್ತೆಗೆ ಜಗಳವಾಡುತ್ತಾರೆ, ನೀರಿನ ಪೈಪಿಗೆ ಜಗಳವಾಡುತ್ತಾರೆ, ಮದುವೆ ಊಟದಲ್ಲಿ ಪಾಯಸ ಮೊದಲೋ ಸಾರು ಮೊದಲೋ ಎಂದು ಕೂಡ ಜಗಳವಾಡುತ್ತಾರೆ. ಶಾಲೆಯ ಕಬಡ್ಡಿ ಎಂದರೆ ಮಾತ್ರ ಎಲ್ಲರೂ ಒಂದು. ಪೇಟೆಯಲ್ಲಿ ಅಂಗಡಿ ಇರುವ ಬ್ಯಾರಿಗಳ ಮಕ್ಕಳು, ತೋಟದವರ ಮಕ್ಕಳು, ಎಲ್ಲರೂ ಒಂದೇ ಅಂಕಣದಲ್ಲಿ ಒಬ್ಬರ ಕಾಲು ಒಬ್ಬರು ಹಿಡಿದೆಳೆದು ದೊಡ್ಡವರಾದದ್ದು. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬ ಪ್ರತಿ ವರ್ಷ ತಂಡಕ್ಕೆ ಬನಿಯನ್ನು ಕಳಿಸುತ್ತಾನೆ. ಆರನೇ ಕ್ಲಾಸಿನ ಮಕ್ಕಳು ಎಷ್ಟು ಎತ್ತರ ಇರುತ್ತಾರೆ ಎನ್ನುವುದು ಅವನಿಗೆ ಮರೆತುಹೋಗಿದೆ. ಎಲ್ಲರಿಗೂ ಮೊಣಕಾಲಿನವರೆಗೆ ಬರುತ್ತದೆ. ಆದರೂ ಸಿಕ್ಕಿಸಿಕೊಂಡು ಆಡುತ್ತಾರೆ, ಗೆಲ್ಲುತ್ತಾರೆ.

ವರ್ಷಕ್ಕೊಮ್ಮೆ, ಮಳೆ ಪೂರ್ತಿ ಹೋದ ಮೇಲೆ, ಹಳೆ ವಿದ್ಯಾರ್ಥಿಗಳ ಪಂದ್ಯ. ನಲವತ್ತು ದಾಟಿದವರು ಹಳಬರ ತಂಡ, ಉಳಿದವರು ಹೊಸಬರ ತಂಡ. ಇದರಲ್ಲಿ ಒಂದು ಪದ್ಧತಿ ಇದೆ. ಮೊದಲ ರೈಡಿಗೆ ಹೋಗುವುದು ಹಳಬರಲ್ಲಿ ಎಲ್ಲರಿಗಿಂತ ಹಿರಿಯರು. ಅವರನ್ನು ಯಾರೂ ಹಿಡಿಯಬಾರದು. ಅವರು "ಕಬಡ್ಡಿ ಕಬಡ್ಡಿ" ಎನ್ನುತ್ತಾ ಹೋಗಿ ಹೊಸಬರಲ್ಲಿ ಯಾರಾದರೂ ಒಬ್ಬನನ್ನು ಮುಟ್ಟಿ ಬರುತ್ತಾರೆ. ಹಳಬರಿಗೆ ಒಂದು ಪಾಯಿಂಟು. ಮುಟ್ಟಿಸಿಕೊಂಡವನಿಗೆ ಆಟದಲ್ಲೇ ಅನ್ನ ಸಿಗುತ್ತದೆ ಎಂದು ಊರಿನವರ ನಂಬಿಕೆ. ಪೊಲೀಸ್ ತಂಡದಲ್ಲಿ ಆಡುವ ಒಬ್ಬ, ಪುತ್ತೂರಿನಲ್ಲಿ ಡ್ರಿಲ್ ಮಾಸ್ಟರಾದ ಇನ್ನೊಬ್ಬ, ಸುಳ್ಯದಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟ ಮತ್ತೊಬ್ಬ, ಎಲ್ಲರೂ ಹಿರಿಯರ ಕೈ ತಾಗಿದವರಂತೆ. ಕೈ ತಾಗಿಯೂ ಆಟ ಬಿಟ್ಟು ಕೋಳಿ ಫಾರ್ಮು ಮಾಡಿದವರ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಏನೇ ಇರಲಿ, ಆ ದಿನ ಹೊಸಬರೆಲ್ಲ ಭುಜ ಮುಂದೆ ಮಾಡಿ, "ನನ್ನನ್ನು ಮುಟ್ಟಿ, ನನ್ನನ್ನು ಮುಟ್ಟಿ" ಎಂಬ ಹಾಗೆ ನಿಂತಿರುತ್ತಾರೆ.

ಆ ಪಂದ್ಯದಲ್ಲಿ ಹುಡುಗಿಯರಿಲ್ಲ. ಮೊಮ್ಮಗಳು ಐದನೆಯಲ್ಲಿದ್ದಾಗಲೇ ಕೇಳಿದ್ದಳು, "ಅಜ್ಜೀ, ನನಗೆ ಯಾರು ಮುಟ್ಟುದು?" ನಾನು ಅವಳ ಬಟ್ಟಲಿಗೆ ಇನ್ನೊಂದು ಸೌಟು ಅನ್ನ ಹಾಕಿದೆ.

ಅವಳು ನನ್ನ ಮಗಳ ಮಗಳು. ಅಪ್ಪ ಅಮ್ಮ ಸುಳ್ಯದ ಹತ್ತಿರದ ಅಜ್ಜಾವರದಲ್ಲಿ ಇರುವುದು. ನಮ್ಮ ಶಾಲೆಯಲ್ಲಿ ಕಬಡ್ಡಿ ಇದೆ ಎನ್ನುವ ಒಂದೇ ಹಟಕ್ಕೆ ನಮ್ಮ ಮನೆಗೆ ಬಂದು ನಿಂತವಳು, ಇವತ್ತಿಗೂ ಇಲ್ಲೇ ಇದ್ದಾಳೆ. ಯಾರ ಕೈ ತಾಗದಿದ್ದರೂ ಆಡಿದಳು. ರಾಮಕುಂಜದ ಹೈಸ್ಕೂಲಿನಲ್ಲಿ ಆಡಿದಳು, ಪುತ್ತೂರಿನ ಕಾಲೇಜಿನಲ್ಲಿ ಆಡಿದಳು. ಕೊನೆಗೆ ಅಪ್ಪನ ಊರಿನಲ್ಲೇ, ಅಜ್ಜಾವರದ ಒಂದು ಪಂದ್ಯದಲ್ಲಿ, ಮೊಣಕಾಲಿನೊಳಗೆ ಏನೋ ಕಡಿದುಹೋಯಿತು. ಇನ್ನು ಕಬಡ್ಡಿ ಆಡಬಾರದು ಎಂದರು ಡಾಕ್ಟರು. ಒಂದು ಮಳೆಗಾಲ ಪೂರ್ತಿ ಹುಡುಗಿ ಗೋಡೆಗೆ ಮುಖ ಹಾಕಿ ಮಲಗಿದಳು. ಕಾಲು ಸರಿಯಾದ ಮೇಲೆ ಪುತ್ತೂರಿನ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಆಟ ಕಲಿಸುವ ಕೆಲಸಕ್ಕೆ ಸೇರಿದಳು. ಸಂಜೆ ಬಂದು ಮೊಬೈಲಿನಲ್ಲಿ ಕಬಡ್ಡಿ ನೋಡುತ್ತಾ "ಔಟಲ್ಲ ಅದು! ಕಣ್ಣು ಕಾಣುದಿಲ್ವಾ ಇವ್ರಿಗೆ!" ಎಂದು ಬೊಬ್ಬೆ ಹಾಕುತ್ತಿದ್ದಳು. ಒಂದು ದಿನ ಬೊಬ್ಬೆ ನಿಲ್ಲಿಸಿ, "ಅಜ್ಜೀ, ನಾನೇ ಅಂಪೈರ್ ಆಗ್ತೇನೆ" ಎಂದಳು. ಆಟ ಬಿಟ್ಟ ಮೇಲೂ ಆಟದೊಳಗೆ ಇರಲು ಅವಳಿಗೆ ಉಳಿದಿದ್ದ ಬಾಗಿಲು ಅದೊಂದೇ. ಬರೆಯುವ ಪರೀಕ್ಷೆ ಮುಗಿಸಿದಳು. ನಿಜವಾದ ಒಂದು ಪಂದ್ಯದಲ್ಲಿ ಅಂಪೈರಾಗಿ ನಿಂತು ಪರೀಕ್ಷಕರಿಗೆ ತೋರಿಸುವುದು ಬಾಕಿ ಇತ್ತು. ಹತ್ತಿರದ ಪಂದ್ಯ ಯಾವುದು? ನಮ್ಮ ಶಾಲೆಯದ್ದೇ. ಆದಿತ್ಯವಾರ ಪರೀಕ್ಷಕರು ಬಂದು ನೋಡುವುದೆಂದು ಆಯಿತು.

ಈ ವರ್ಷವೇ ನಮ್ಮ ಇವರ ಸರದಿ ಬರಬೇಕೇ? ಇವರಿಗಿಂತ ಹಿರಿಯರೊಬ್ಬರು ಇದ್ದರು, ಹತ್ತು ವರ್ಷ ಅವರೇ ಮೊದಲ ರೈಡ್ ಮಾಡಿದ್ದರು. ಅವರಿಗೆ ಈಗ ಸೊಂಟ ಏಳುವುದಿಲ್ಲ. ಹಾಗಾಗಿ ಈ ಸಲ ಇವರು. ಒಂದು ತಿಂಗಳು ಮೊದಲೇ ಬಚ್ಚಲಿನಲ್ಲಿ ಅಭ್ಯಾಸ ಶುರುವಾಯಿತು. ಮೈಗೆ ನೀರು ಹೊಯ್ಯುತ್ತಾ ಒಂದೇ ಉಸಿರಿನಲ್ಲಿ "ಕಬಡ್ಡಿ ಕಬಡ್ಡಿ ಕಬಡ್ಡಿ." ಉಸಿರು ಮುಗಿದಾಗ ಕೆಮ್ಮು. ಕೆಮ್ಮು ಮುಗಿದಾಗ, "ಎಷ್ಟಾಯ್ತು? ಎಣಿಸಿದ್ಯಾ?" ನಾನು ಒಲೆಯ ಮುಂದೆ ದೋಸೆ ತಿರುವಿ ಹಾಕಲೇ, ಇವರ ಕಬಡ್ಡಿ ಎಣಿಸಲೇ? ಆ ಸದ್ದಿಗೆ ಹೆದರಿ ದನ ಎರಡು ದಿನ ಸರಿಯಾಗಿ ಹಾಲು ಕೊಡಲಿಲ್ಲ.

ಪಂದ್ಯದ ಹಿಂದಿನ ದಿನ ಅಂಕಣ ಸಾರಿಸುವುದು ನಾವು ಹೆಂಗಸರು. ಮನೆಯ ಅಂಗಳಕ್ಕೆ ಮಾಡಿದ ಹಾಗೆಯೇ, ಮಣ್ಣು ಬಡಿದು ಗಟ್ಟಿ ಮಾಡಿ ಮೇಲಿನಿಂದ ಸೆಗಣಿ ಸಾರಿಸುವುದು. ಧೂಳು ಏಳುವುದಿಲ್ಲ, ಬಿದ್ದವರ ಮೊಣಕೈ ಹೋಗುವುದಿಲ್ಲ, ಸುಣ್ಣದ ಗೆರೆ ಚಂದ ಕಾಣುತ್ತದೆ. ಬೇರೆ ಶಾಲೆಗಳಲ್ಲಿ ಈಗ ಮ್ಯಾಟು ಬಂದಿದೆಯಂತೆ. ನಮಗೆ ಸೆಗಣಿಯೇ ಮ್ಯಾಟು. ಅಷ್ಟು ದೊಡ್ಡ ಜಾಗಕ್ಕೆ ಕೊಯಿಲದ ಫಾರ್ಮಿನ ದನಗಳನ್ನೆಲ್ಲ ತಂದು ಕಟ್ಟಿದರೂ ಸೆಗಣಿ ಸಾಕಾಗುವುದಿಲ್ಲ. ಮನೆಮನೆಯಿಂದ ಬುಟ್ಟಿಯಲ್ಲಿ ಹೊತ್ತು ತಂದು, ಆರು ಮಂದಿ ಸಂಜೆಯವರೆಗೆ ಬಗ್ಗಿ ಸಾರಿಸಿದೆವು. ಮೊಮ್ಮಗಳು ಟೇಪು ಹಿಡಿದು ಅಳೆದು ಸುಣ್ಣದ ಗೆರೆ ಎಳೆದಳು. ನಡುಗೆರೆ, ಬೋನಸ್ ಗೆರೆ, ಎರಡೂ ಬದಿಯಲ್ಲಿ ಲಾಬಿಯ ಗೆರೆ. ಈ ಲಾಬಿ ಎಂದರೇನು ಎಂದು ನನಗೂ ಹೇಳಿಕೊಟ್ಟಿದ್ದಳು. ಅದು ಅಂಕಣದ ಬದಿಯ ಓಣಿ. ರೈಡಿಗೆ ಹೋದವರು ಯಾರನ್ನಾದರೂ ಮುಟ್ಟಿದ ಮೇಲೆ ಅಲ್ಲಿ ಕಾಲಿಡಬಹುದು, ಮುಟ್ಟುವ ಮೊದಲು ಇಟ್ಟರೆ ಔಟು. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಆದಿತ್ಯವಾರ ಎಂಟೂವರೆಗೆ ಬಂದವರಿಗೆಲ್ಲ ಅವಲಕ್ಕಿ ಕಲಸಬೇಕೆಂದು ಶಾಲೆಗೆ ಹೋದೆ. ಹೋಗಿ ನೋಡಿದರೆ, ಅಂಕಣ ಎಲ್ಲಿದೆ? ಈ ಗೆರೆಯಿಂದ ಆ ಗೆರೆಯವರೆಗೆ ಒಂದು ಗೇಣು ಜಾಗ ಬಿಡದೆ ಅಡಿಕೆ! ನಡುವಿನಲ್ಲಿ ನಮ್ಮ ಇವರು. ಗಲ್ಫಿನ ಬನಿಯನ್ನು ಹಾಕಿಕೊಂಡು, ಕಾಲಿನಿಂದ ಅಡಿಕೆಯ ಸಾಲು ಬಿಡಿಸುತ್ತಾ, ಶಾಂತವಾಗಿ ನಡೆದಾಡುತ್ತಿದ್ದಾರೆ.

"ಎಂತ ಮಾಡಿಟ್ರಿ ನೀವು!"

"ಎಂತ ಮಾಡಿದ್ದು? ಸಾರ್ಸಿದ ಜಾಗ, ಮೇಲೆ ಒಳ್ಳೆ ಬಿಸಿಲು. ಅಡಿಕೆ ಹಾಕದೆ ಮತ್ತೆ ಎಂತ ಹಾಕುದು?"

"ಇದು ಸಾರ್ಸಿದ್ದು ಆಟಕ್ಕೆ! ನಿಮ್ಮ ಅಡಿಕೆಗೆ ಅಲ್ಲ!"

"ಆಟ ಹತ್ತು ಗಂಟೆಗೆ ಅಲ್ವಾ ಮಾರಾಯ್ತಿ? ಅಲ್ಲಿವರೆಗೆ ಬಿಸಿಲು ಸುಮ್ನೆ ಪೊಕ್ಕಡೆ ಹಾಳಾಗುದು ಯಾಕೆ?"

ನಮ್ಮ ಮನೆ ಗುಡ್ಡದ ಬುಡದಲ್ಲಿ. ಅಂಗಳಕ್ಕೆ ಬಿಸಿಲು ಬರುವಾಗ ಹನ್ನೊಂದು ಗಂಟೆ. ಆ ವಾರ ಅಕಾಲದ ಮಳೆ ಬಂದು ಅಡಿಕೆ ನೆನೆದಿತ್ತು, ಅದು ಸತ್ಯ. ಪಕ್ಕದ ಮನೆಯವರ ಪಿಕಪ್ಪಿನಲ್ಲಿ ನಾಲ್ಕು ಚೀಲ ಹೇರಿಕೊಂಡು ಆರೂವರೆಗೇ ಗುಡ್ಡ ಹತ್ತಿದ್ದಾರೆ. ನಲವತ್ತು ದಿನ ಒಣಗಬೇಕಾದ ಅಡಿಕೆಗೆ ಮೂರು ಗಂಟೆಯ ಬಿಸಿಲು! ಆದರೆ ನಮ್ಮ ಕಡೆಯ ಗಂಡಸರಿಗೆ ಸಾರಿಸಿದ ನೆಲ ಖಾಲಿ ಬಿದ್ದಿರುವುದನ್ನು ನೋಡಿದರೆ ಆಗುವುದಿಲ್ಲ. ಬರುವವರು ಒಬ್ಬೊಬ್ಬರೂ "ಅಡಿಕೆ ಚಂದ ಉಂಟಲ್ಲ" ಎಂದರೇ ಹೊರತು, "ಇಲ್ಲಿ ಯಾಕೆ" ಎಂದು ಒಬ್ಬರೂ ಕೇಳಲಿಲ್ಲ. ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷರಂತೂ ಒಂದು ಅಡಿಕೆ ಕಚ್ಚಿ ನೋಡಿ, "ಇನ್ನು ಹದಿನೈದು ದಿನ ಬೇಕು" ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಬಿಳಿ ಟೋಪಿಯ ಒಬ್ಬರು ಬೈಕಿನಲ್ಲಿ ಬಂದು ಇಳಿದರು. ಅತ್ತ ನೋಡಿದರು, ಇತ್ತ ನೋಡಿದರು. "ಇಲ್ಲಿ ಕಬಡ್ಡಿ ಅಂತ ಹೇಳಿದ್ರು..." ಎಂದರು.

ಇವರು ತಲೆ ಎತ್ತದೆ, "ಕಬಡ್ಡಿ ಹತ್ತಕ್ಕೆ. ನೀವು ಆಚೆ ನಿಲ್ಲಿ ಮಾರಾಯ್ರೆ, ಅಡಿಕೆ ಮೆಟ್ಬೇಡಿ" ಎಂದರು.

ಅವರೇ ಪರೀಕ್ಷಕರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಬಿಟ್ಟರೂ ಕಾಣುತ್ತಿರಲಿಲ್ಲ, ಮೇಲೆ ಅಡಿಕೆ ಇತ್ತಲ್ಲ.

ಹಿಂದಿನಿಂದ ಮೊಮ್ಮಗಳು ಬಂದಳು. ಬಿಳಿ ಅಂಗಿ, ಕಪ್ಪು ಪ್ಯಾಂಟು. ಅಂಕಣ ನೋಡಿದಳು, ಅಜ್ಜನನ್ನು ನೋಡಿದಳು, ಬಿಳಿ ಟೋಪಿಯವರನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಸೀಟಿ ಬಾಯಿಗಿಟ್ಟು ಒಂದು ಊದು ಊದಿದಳು. ಮಾವಿನ ಮರದಲ್ಲಿದ್ದ ಕಾಗೆಗಳೆಲ್ಲ ಹಾರಿದವು.

"ಹಳಬರು ಆ ಬದಿಯಿಂದ, ಹೊಸಬರು ಈ ಬದಿಯಿಂದ. ಹತ್ತು ನಿಮಿಷದಲ್ಲಿ ಒಂದು ಅಡಿಕೆ ಕಾಣಬಾರ್ದು!"

ಎರಡು ತಂಡದವರೂ ಪಂಚೆ ಕಟ್ಟಿ ಬಗ್ಗಿದರು. ನಾನು ಅಡುಗೆಕೋಣೆಯ ಹಿಡಿಸೂಡಿ, ಬಕೆಟ್ಟು, ಅನ್ನದ ದೊಡ್ಡ ಪಾತ್ರೆ ಎಲ್ಲ ತಂದುಕೊಟ್ಟೆ. "ಹಳಬರ ಚೀಲ ತುಂಬಿತು!" "ಹೋಗಾ, ನಿಮ್ದರಲ್ಲಿ ಅರ್ಧ ಕಲ್ಲು!" ಎಂದು ಅದರಲ್ಲೂ ಪಂದ್ಯ. ಇವರು ಮಾತ್ರ "ಮೆಲ್ಲ, ಮೆಲ್ಲ, ಸಿಪ್ಪೆ ಒಡೀತದೆ" ಎಂದು ಹಿಂದೆ ಹಿಂದೆ ಓಡುತ್ತಿದ್ದರು. ಮೊಮ್ಮಗಳು ಬಗ್ಗಿಕೊಂಡು ಅಂಕಣಕ್ಕೆ ಎರಡು ಸುತ್ತು ಬಂದು ನೋಡಿದಳು. ಅಳಿಸಿಹೋದ ಗೆರೆಗೆ ಮತ್ತೆ ಸುಣ್ಣ ಹಾಕಿದಳು. ಸರಿಯಾಗಿ ಹತ್ತಕ್ಕೆ ಸೀಟಿ.

ಇವರು ನಡುಗೆರೆಗೆ ಕೈ ತಾಗಿಸಿ ಹಣೆಗೆ ಒತ್ತಿಕೊಂಡು "ಕಬಡ್ಡಿ ಕಬಡ್ಡಿ" ಎಂದು ಹೊರಟರು. ಊರಿಗೆ ಊರೇ ಚಪ್ಪಾಳೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಸಿಟ್ಟಿನಲ್ಲಿಯೂ ನನಗೆ ಆಗ ಚಂದ ಕಂಡರು. ಉಸಿರು ಕೂಡ ಬಚ್ಚಲಿಗಿಂತ ಚೆನ್ನಾಗಿತ್ತು. ನೇರ ಹೋಗಿ ಎದುರಿನವನನ್ನು ಮುಟ್ಟಿ ಬಂದಿದ್ದರೆ ಮುಗಿಯುತ್ತಿತ್ತು. ಇವರಿಗೆ ಅಷ್ಟು ಸಾಕೇ? ಒಂದು ಸುತ್ತು ಕುಣಿದು, ಬದಿಯ ಮೂಲೆಯಲ್ಲಿದ್ದವನ ಕಡೆಗೆ ಹಾರಿದರು. ಎಡಗಾಲು ಲಾಬಿಯ ಗೆರೆಯ ಒಳಬದಿಗೆ ಬಿತ್ತು. ಅಲ್ಲಿ ಒಂದು ಅಡಿಕೆ ಉಳಿದಿತ್ತು. ಕಾಲು ಅದರ ಮೇಲೆ ಉರುಳಿ ಗೆರೆ ದಾಟಿ ಲಾಬಿಗೆ ಹೋಯಿತು. ಆಮೇಲೆ ಇವರು ಮುಗ್ಗರಿಸಿ ಆ ಮೂಲೆಯವನ ಭುಜದ ಮೇಲೆ ಕೈಯಿಟ್ಟರು. ಚಪ್ಪಾಳೆಯ ನಡುವೆ ಸೀಟಿ ಕೇಳಿತು.

ಮೊಮ್ಮಗಳು ಕೈ ಎತ್ತಿದ್ದಳು. "ರೈಡರ್ ಔಟ್. ಹೊಸಬರಿಗೆ ಒಂದು."

ಚಪ್ಪಾಳೆ ಹೊಡೆಯುತ್ತಿದ್ದ ಕೈಗಳೆಲ್ಲ ಅರ್ಧಕ್ಕೆ ನಿಂತವು. ಆಮೇಲೆ ಎಲ್ಲರ ಬಾಯಿ ಒಟ್ಟಿಗೇ ತೆರೆಯಿತು.

"ಹಿರಿಯರ ರೈಡಿಗೆ ಔಟ್ ಉಂಟಾ? ಎಂತ ಹುಡುಗಾಟ ಇದು!"

"ಅಜ್ಜಾ, ನಾಳೆಯಿಂದ ಗಂಜಿ ಉಣ್ಣುವಾಗ ಸಹ ಜಾಗ್ರತೆ, ಸೀಟಿ ಬೀಳ್ತದೆ!"

ಅಧ್ಯಕ್ಷರು ಓಡಿ ಬಂದರು. "ಮಗಾ, ಇದು ನಮ್ಮ ಶಾಲೆಯ ಪದ್ಧತಿ. ಮೊದ್ಲಿನ ರೈಡ್ ಅಂದ್ರೆ ಆಶೀರ್ವಾದ. ಅದಕ್ಕೆ ಔಟ್ ಕೊಡುದು ಹೇಗೆ?"

"ಹಾಗಾದ್ರೆ ಅದನ್ನು ಆಟಕ್ಕೆ ಮೊದ್ಲು ಮಾಡಿ, ನಾನೂ ಕೈ ಮುಗಿತೇನೆ. ಸೀಟಿ ಊದಿದ ಮೇಲೆ ಗೆರೆ ದಾಟಿ ಬಂದವ್ರು ರೈಡರ್. ಅವ್ರಿಗೆ ವಯಸ್ಸು ಇಲ್ಲ" ಎಂದಳು ಮೊಮ್ಮಗಳು. ಎತ್ತಿದ ಕೈ ಕೆಳಗಿಳಿಸಲಿಲ್ಲ.

ಇವರು ಯಾರ ಮುಖವನ್ನೂ ನೋಡದೆ ಅಂಕಣದಿಂದ ಹೊರಗೆ ನಡೆದರು. ಅದೇ ಹೊತ್ತಿಗೆ ಬಿಳಿ ಟೋಪಿಯವರು ಮೆಲ್ಲನೆ ಬಂದು ಬಗ್ಗಿ ಆ ಅಡಿಕೆಯನ್ನು ಹೆಕ್ಕಿದರು. ಒಂದು ಬದಿಗೆ ಸುಣ್ಣ ಹಿಡಿದಿತ್ತು. ಅದನ್ನು ಮೊಮ್ಮಗಳ ಮುಂದೆ ಹಿಡಿದು ಕೇಳಿದರು, "ಆಟಕ್ಕೆ ಮೊದ್ಲು ಅಂಕಣ ನೋಡುದು ಯಾರ ಕೆಲಸ?"

"ನನ್ನದು ಸರ್."

"ಹೂಂ" ಎಂದು ಪುಸ್ತಕದಲ್ಲಿ ಏನೋ ಬರೆದರು. ಅಡಿಕೆಯನ್ನು ಸ್ಕೋರು ಬರೆಯುವ ಮೇಜಿನ ಮೇಲಿಟ್ಟು ಹೋಗಿ ಕುಳಿತರು. ಪಂದ್ಯ ಮುಂದುವರಿಯಿತು, ಯಾರು ಗೆದ್ದರೆಂದು ನನಗೆ ಗೊತ್ತಿಲ್ಲ. ಆ ಪುಸ್ತಕದಲ್ಲಿ ಏನಿದೆ ಎನ್ನುವುದೇ ನನ್ನ ಮಂಡೆಯಲ್ಲಿ. ಆ ದಿನ ರಾತ್ರಿ ಊಟಕ್ಕೆ ಕುಳಿತಾಗ ಮೊಮ್ಮಗಳು ಹೇಳಿದಳು, "ಔಟ್ ಕೊಟ್ಟದ್ದು ಸರಿ ಅಜ್ಜಿ. ಆದ್ರೆ ಅಡಿಕೆ ನಾನು ನೋಡ್ಬೇಕಿತ್ತು. ಅದಕ್ಕೇ ಫೇಲ್ ಮಾಡಿದ್ರೂ ಮಾಡ್ಬಹುದು."

ಅಂದಿನಿಂದ ಮನೆಯಲ್ಲಿ ಮೂರು ವಾರ ಮೌನವ್ರತ. ಮೊಮ್ಮಗಳು ಪುತ್ತೂರಿನಿಂದ ಬರುವ ಹೊತ್ತಿಗೆ ಇವರು ತೋಟದಲ್ಲಿ. ಅವಳು ಊಟಕ್ಕೆ ಕುಳಿತರೆ ಇವರದು ಆಗಲೇ ಉಂಡಾಗಿದೆ. ನಡುವಿನಲ್ಲಿ ನಾನು ಟಪಾಲಿನವಳು. "ಅವ್ಳಿಗೆ ಹೇಳು, ನಾಳೆ ಬಸ್ಸಿಲ್ಲವಂತೆ." "ಅಜ್ಜನಿಗೆ ಹೇಳಿ, ಗೊತ್ತುಂಟು ಅಂತ." ನಾನು ಇವರಿಗೆ ಬೈದೆ, "ಮಗುವಿನ ಮೇಲೆ ಎಂತ ಹಟ ನಿಮ್ದು? ಕಾಲು ಹೊರಗೆ ಹೋದದ್ದು ಸುಳ್ಳಾ?" ಎತ್ತಿಗೆ ಹೇಳಿದ ಹಾಗೆ.

ಇದರ ಮೇಲೆ ಇನ್ನೊಂದು ಪಿರಿಪಿರಿ. ಇವರ ಅಂಗಿ ಒಗೆಯಲು ತೆಗೆದರೆ ಜೇಬಿನಲ್ಲಿ ಯಾವಾಗಲೂ ಒಂದು ಅಡಿಕೆ. ತೆಗೆದು ಜಗಲಿಯ ಮೇಲಿಟ್ಟರೆ ಮರುದಿನ ಇನ್ನೊಂದು ಅಂಗಿಯ ಜೇಬಿನಲ್ಲಿ. ಕಳೆದ ವಾರ ತಲೆಕೆಟ್ಟು ಅದನ್ನು ಅಡಿಕೆಯ ಬುಟ್ಟಿಗೇ ಎಸೆದೆ. ಸಂಜೆ ನೋಡಿದರೆ ಇವರು ಬುಟ್ಟಿಯನ್ನು ಜಗಲಿಗೆ ಸುರಿದು, ಕನ್ನಡಕ ಹಾಕಿ ಒಂದೊಂದೇ ಅಡಿಕೆ ತಿರುಗಿಸಿ ನೋಡುತ್ತಿದ್ದಾರೆ.

"ಎಂತ ಹುಡುಕುದು?"

"ಒಂದು ಅಡಿಕೆ."

"ಎದುರಿಗೆ ಬುಟ್ಟಿ ತುಂಬ ಉಂಟಲ್ಲ!"

"ಇದೆಲ್ಲ ಅಲ್ಲ. ಸುಣ್ಣ ಹಿಡಿದದ್ದು, ಆ ದಿನ ಮೇಜಿನಿಂದ ತಂದದ್ದು" ಎಂದರು. ಹುಡುಕುತ್ತಲೇ, ನನ್ನ ಕಡೆ ನೋಡದೆ, "ಅವ್ಳು ಫೇಲಾದ್ರೆ ನನ್ನಿಂದಲೇ ಅಲ್ವಾ? ಅವ್ಳ ಮುಖ ನೋಡುದು ಹೇಗೆ ನಾನು?" ಎಂದರು.

ಮೂರು ವಾರ ನಾನು ಹಟವೆಂದು ಬೈದದ್ದು ಇದಕ್ಕೆ! ಬಾಯಿ ಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ಬಚ್ಚಲಿನಲ್ಲಿ ಅಷ್ಟು ಉಸಿರಿತ್ತಲ್ಲ, ಇಷ್ಟು ಮಾತಿಗೆ ಉಸಿರಿಲ್ಲವೇ? ನಾನೂ ಕುಳಿತು ಹುಡುಕಿದೆ. ಬೈಯುತ್ತಲೇ ಹುಡುಕಿದೆ. ಕೊನೆಗೆ ನನ್ನ ಕೈಗೇ ಸಿಕ್ಕಿತು.

ಇವತ್ತು ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿ, ಗುಡ್ಡದ ಮೂರು ತಿರುವು ಒಂದೇ ಉಸಿರಿಗೆ ಇಳಿದು ಮನೆಗೆ ಬಂದೆ. ಇವರು ಅಂಗಳದಲ್ಲಿ ಅಡಿಕೆ ರಾಶಿ ಮಾಡುತ್ತಿದ್ದರು.

"ಪಾಸಾದ್ಲು!" ಎಂದೆ.

"ಯಾರು?"

ಯಾರು ಅಂತೆ! "ನಿಮ್ಮ ದನ! ಮತ್ತೆ ಯಾರು ಮಾರಾಯ್ರೆ?"

ಇವರು ಹಿಡಿದದ್ದನ್ನು ಕೆಳಗಿಟ್ಟು ಗೋಣಿಚೀಲದ ಮೇಲೆ ಕುಳಿತುಬಿಟ್ಟರು. "ಅಡಿಕೆಗೆ ಎಷ್ಟು ಮಾರ್ಕು ಕಡಿಮೆ ಮಾಡಿದ್ರು?" ಎಂದು ಕೇಳಿದರು. ನನಗೇನು ಗೊತ್ತು? ಪಂಪ್‌ಶೆಡ್ಡಿಗೆ ಹೋಗಿ ಆ ಭದ್ರವಾದ ಮೊಬೈಲನ್ನು ತಂದು, ನನ್ನ ಏಳು ಕರೆಗಳನ್ನು ನೋಡಿ, "ಇಷ್ಟು ಸಲ ಯಾಕೆ ಮಾಡಿದ್ದು?" ಎಂದು ನನ್ನನ್ನೇ ಕೇಳಿ, ಅಜ್ಜಾವರಕ್ಕೆ ಫೋನು ಮಾಡಿದರು. ಮಗಳೂ ಅಳಿಯನೂ ಈಗಲೇ ಹೊರಡಬೇಕು, ಸುಳ್ಯದಿಂದ ಬಂಗುಡೆ ಮೀನು ತರಬೇಕು, ದೊಡ್ಡದೇ ತರಬೇಕು ಎಂದು ಆಜ್ಞೆ.

ನನ್ನ ಕೈಗೆ ಶಾಲೆಯ ಅಳತೆ ಕುಳಿತುಬಿಟ್ಟಿದೆ. ಐದು ಮಂದಿಗೆ ಎಂದು ಅಕ್ಕಿ ಹಾಕಿದರೆ ಹದಿನೈದು ಮಂದಿಗೆ ಆಗುತ್ತದೆ. ಮಗಳು ಬಂದವಳೇ ಪಾತ್ರೆ ನೋಡಿ, "ಅಮ್ಮ, ಇಡೀ ಶಾಲೆಯನ್ನು ಕರ್ದಿದ್ದೀಯಾ?" ಎಂದಳು. ಅಳಿಯ ತಂದದ್ದು ಹನ್ನೆರಡು ಬಂಗುಡೆ. ಇವರು ಅದನ್ನು ಮೂರು ಸಲ ಎಣಿಸಿ, "ಸಣ್ಣದಾಯ್ತು" ಎಂದರು. ಅಷ್ಟು ದೂರದಿಂದ ತಂದವನ ಮುಖ ನೋಡಬೇಕಿತ್ತು.

ಮೊಮ್ಮಗಳು ಸಂಜೆಯ ಬಸ್ಸಿನಲ್ಲಿ ಬಂದಳು. ನಾನು ಅಪ್ಪಿ ಹಿಡಿದು ಮಸಾಲೆಯ ಕೈಯನ್ನೆಲ್ಲ ಅವಳ ಅಂಗಿಗೆ ಒರೆಸಿದೆ. ಇವರು ಕಂಬ ಹಿಡಿದು ನಿಂತಿದ್ದರು.

"ಅಂಕಣದ ಮಾರ್ಕು?" ಎಂದರು. ಮೂರು ವಾರದ ಮೇಲೆ ಆಡಿದ ಮೊದಲ ಮಾತು!

"ಅದ್ರಲ್ಲಿ ಸ್ವಲ್ಪ ಕಡಿಮೆ ಮಾಡಿದ್ದಾರೆ ಅಜ್ಜ. ತೀರ್ಮಾನಕ್ಕೆ ಪೂರ್ತಿ ಕೊಟ್ಟಿದ್ದಾರೆ."

"ಪೂರ್ತಿಯಾ?" ಎಂದರು ಇವರು. "ಅದು ಹೇಗೆ ಪೂರ್ತಿ? ಅದು ಔಟೇ ಅಲ್ಲ."

ನಾನು ಹಣೆ ಚಚ್ಚಿಕೊಂಡೆ.

ಏಳೂವರೆಗೆ ಐದೂ ಮಂದಿ ಒಟ್ಟಿಗೆ ಕುಳಿತೆವು. ಕುಚ್ಚಲಕ್ಕಿ ಅನ್ನ, ಹುಳಿಖಾರ ಅರೆದ ಬಂಗುಡೆ ಪುಳಿಮುಂಚಿ, ಹೆಸರುಬೇಳೆ ಪಾಯಸ. ಅನ್ನ ಬಡಿಸಿ ಮುಗಿದಿರಲಿಲ್ಲ, ಇವರು ಬಟ್ಟಲಿನ ಪಕ್ಕದಲ್ಲಿ ನೆಲದ ಮೇಲೆ ಉಪ್ಪಿನಿಂದ ಒಂದು ಗೆರೆ ಎಳೆದರು. ಜೇಬಿಗೆ ಕೈ ಹಾಕಿ ಸುಣ್ಣದ ಅಡಿಕೆ ತೆಗೆದು ಗೆರೆಯ ಒಳಗಿಟ್ಟರು.

"ಇದು ಲಾಬಿ. ಇದು ಅಡಿಕೆ. ನನ್ನ ಕಾಲು ಇಲ್ಲಿ ಉಂಟು. ಸರಿಯಾ?"

"ಸರಿ."

"ಕಾಲು ಜಾರಿದ್ದು ಅಡಿಕೆಯಿಂದ. ಅದು ಹೊರಗಿನ ವಸ್ತು. ಆಟ ಮತ್ತೆ ಆಡಿಸ್ಬೇಕಿತ್ತು."

"ಅಡಿಕೆ ಯಾರದ್ದು ಅಜ್ಜ?"

ಅಳಿಯನಿಗೆ ಅನ್ನ ನೆತ್ತಿಗೆ ಹತ್ತಿತು. ಮಗಳು ಅವನ ಬೆನ್ನು ತಟ್ಟುತ್ತಾ ತಾನೂ ನಗುತ್ತಿದ್ದಳು.

"ಯಾರದ್ದಾದ್ರೂ ಆಗ್ಲಿ. ಕಾಲು ಹೊರಗೆ ಹೋಗುವಾಗಲೇ ಕೈ ತಾಗಿ ಆಗಿದೆ. ನೋಡು, ಹೀಗೆ" ಎಂದು ಎರಡು ಬೆರಳುಗಳನ್ನು ಕಾಲಿನ ಹಾಗೆ ನಡೆಸುತ್ತಾ, ಬಾಯಲ್ಲಿ ಮೆಲ್ಲನೆ "ಕಬಡ್ಡಿ ಕಬಡ್ಡಿ" ಎನ್ನುತ್ತಾ, ಉಪ್ಪಿನ ಗೆರೆಯ ಬದಿಯಿಂದ ಹೋಗಿ ಮೊಮ್ಮಗಳ ಕೈ ಮುಟ್ಟಿದರು. ಮುಟ್ಟಿದ ಬೆರಳು ತೆಗೆಯಲಿಲ್ಲ.

"ಕಾಲು ಮೊದ್ಲು ಹೋಯ್ತು ಅಜ್ಜ" ಎಂದಳು ಅವಳು. ಕೈ ಅವಳೂ ಹಿಂದೆ ತೆಗೆಯಲಿಲ್ಲ.

"ಸಾಕು ಮಾರಾಯ್ರೆ ನಿಮ್ಮ ಆಟ! ಅನ್ನ ಆರ್ತದೆ, ಉಣ್ಣಿ!" ಎಂದೆ. ನನ್ನ ಮಾತಿಗೆ ಸೀಟಿಯ ಬಲವಿಲ್ಲ, ಆದರೆ ಬಂಗುಡೆಯ ಪಾತ್ರೆ ನನ್ನ ಕೈಯಲ್ಲಿತ್ತು. ಇಬ್ಬರೂ ಬಟ್ಟಲು ಮುಂದೆ ಹಿಡಿದರು. ದೊಡ್ಡ ತುಂಡು ಅಂಪೈರಿಗೆ ಹಾಕಿದೆ. ಇವರು ನೋಡಿದರು, ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮಗಳು ಪಾಯಸಕ್ಕೆ ಬೆಲ್ಲ ಹೆಚ್ಚಾಯಿತೆಂದಳು, ಅಳಿಯ ಕಡಿಮೆಯಾಯಿತೆಂದ. ಐದು ಮಂದಿಯೂ ತುಂಬಾ ಹೊತ್ತು ಕುಳಿತು ಉಂಡೆವು. ಆದರೂ ಅನ್ನ ಉಳಿಯಿತು.